ಮುಚ್ಚಿ ಅಂದವರು ಆ ದಿನದ ದುಡಿಮೆಯನ್ನೂ ಕೊಡಬೇಕಾ, ಬೇಡವಾ?

ಎರಡು_ಕುರ್ಚಿ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಸುಮ್ನೆ ಓದುತ್ತಿದ್ದೆ, ಬರೆಯುವುದು ಇದೇ ಮೊದಲು.

ನಾನು ಕ್ಷೌರದ ಕೆಲಸದವನು. ಎರಡು ಕುರ್ಚಿಯ ಅಂಗಡಿ, ಒಂದು ಕುರ್ಚಿ ನನ್ನದು, ಇನ್ನೊಂದು ನನ್ನ ಹತ್ತಿರ ಕೆಲಸ ಕಲಿತ ಹುಡುಗನದು. ಕೊರೊನಾ ಬಂದಾಗ ಮೊದಲು ಮುಚ್ಚಿಸಿದ್ದು ನಮ್ಮಂಥವರನ್ನು, ಕೊನೆಗೆ ತೆಗೆಯಲು ಬಿಟ್ಟಿದ್ದೂ ನಮ್ಮನ್ನೇ. ಯಾಕೆ ಅಂತ ನನಗೆ ಗೊತ್ತು. ಗಡ್ಡ ಮಾಡುವಾಗ ಗಿರಾಕಿಯ ಉಸಿರು ನನ್ನ ಕೈಗೆ ಬಿಸಿಯಾಗಿ ತಾಗುತ್ತದೆ. ಮಾಸ್ಕ್ ಹಾಕಿಕೊಂಡು ಗಡ್ಡ ಮಾಡಿಸಿಕೊಳ್ಳಲು ಆಗುವುದಿಲ್ಲ ಅಲ್ವಾ. ಹಾಗಾಗಿ ಮುಚ್ಚಿಸಿದ್ದೇ ತಪ್ಪು ಅಂತ ನಾನು ಜಗಳಕ್ಕೆ ಬಂದಿಲ್ಲ.

ನನ್ನ ತಕರಾರು ಬೇರೆ. ಬಾಗಿಲು ಮುಚ್ಚಿಸಿದರು, ಬಾಡಿಗೆ ಮಾತ್ರ ನಿಲ್ಲಲಿಲ್ಲ. ವಾರಕ್ಕೊಂದು ಸಲ ಅರ್ಧ ಶಟರ್ ಎತ್ತಿ ಒಳಗೆ ಹೋಗಿ ಕತ್ತರಿಗೆ ಎಣ್ಣೆ ಬಿಡುತ್ತಿದ್ದೆ, ಟ್ರಿಮ್ಮರ್ ಎರಡು ನಿಮಿಷ ಓಡಿಸುತ್ತಿದ್ದೆ, ಕನ್ನಡಿ ಒರೆಸಿ ವಾಪಸ್ ಬರುತ್ತಿದ್ದೆ. ಎರಡನೇ ತಿಂಗಳು ಹುಡುಗ ಫೋನ್ ಮಾಡಿದ. "ಅಣ್ಣಾ, ಮನೆ ಮನೆಗೆ ಹೋಗಿ ಕಟಿಂಗ್ ಮಾಡ್ತಾ ಇದೀನಿ, ಬೈಬೇಡಿ" ಅಂದ. ಬೈಯಲಿಲ್ಲ. ಬೈಯುವ ಬಾಯಿ ನನಗೆಲ್ಲಿತ್ತು, ಅವನಿಗೆ ಆ ತಿಂಗಳು ನಾನು ಏನೂ ಕೊಟ್ಟಿರಲಿಲ್ಲ.

ಆದರೆ ಆಮೇಲೆ ಯೋಚನೆ ಹತ್ತಿತು. ಅಂಗಡಿಯಲ್ಲಾಗಿದ್ದರೆ ಅವನು ಒಂದೇ ಕಡೆ ನಿಂತಿರುತ್ತಿದ್ದ. ಈಗ ದಿನಕ್ಕೆ ಆರೇಳು ಮನೆಯೊಳಗೆ ಹೋಗಿ ಬರುತ್ತಿದ್ದಾನೆ, ಒಂದೊಂದು ಮನೆಯಲ್ಲೂ ವಯಸ್ಸಾದವರು ಇರುತ್ತಾರೆ. ನನ್ನ ಅಂಗಡಿ ಮುಚ್ಚಿಸಿ ಸೋಂಕು ನಿಲ್ಲಿಸಿದರೋ, ಇಲ್ಲ ಏಳು ಮನೆಗೆ ಹಂಚಿದರೋ? ಬಲ್ಲವರು ಹೇಳಿ.

ತಿಂಗಳ_ಸಂಬಳ

ಕಷ್ಟ ಅರ್ಥವಾಗುತ್ತದೆ. ಆದರೆ ಜೀವ ಇದ್ದರೆ ತಾನೇ ಜೀವನ? ಹೋದ ದುಡ್ಡು ಮತ್ತೆ ದುಡಿಯಬಹುದು.

ಎರಡು_ಕುರ್ಚಿ

ಸರ್, ಬೇಜಾರಾಗಬೇಡಿ. ನಿಮ್ಮ ಹೆಸರಿನಲ್ಲೇ ಉತ್ತರ ಇದೆ.

ಬಾಗಿಲು_ತೆಗಿ

ಹಹಹ, ಚೆನ್ನಾಗಿ ಹೇಳಿದಿರಿ. ನನ್ನ ಕೇಳಿದರೆ ಇದೆಲ್ಲ ಬೇಕಾಗೇ ಇರಲಿಲ್ಲ. ಹೆದರಿಕೆ ಇರುವವರು ಮನೆಯಲ್ಲಿ ಇರಲಿ, ದುಡಿಯುವವರು ದುಡಿಯಲಿ. ಆದೇಶ ತೆಗೆದುಬಿಟ್ಟಿದ್ದರೆ ಎಲ್ಲ ವ್ಯಾಪಾರ ತನ್ನಷ್ಟಕ್ಕೆ ನಡೆಯುತ್ತಿತ್ತು.

ಜಮಾ_ಖರ್ಚು

ನಡೆಯುತ್ತಿರಲಿಲ್ಲ. ಇದನ್ನು ಜನ ಲೆಕ್ಕ ಹಾಕಿ ನೋಡಿದ್ದಾರೆ. ಶಿಕಾಗೋ ವಿಶ್ವವಿದ್ಯಾಲಯದ ಇಬ್ಬರು ಅರ್ಥಶಾಸ್ತ್ರಜ್ಞರು 2020ರಲ್ಲಿ ಅಮೆರಿಕದ ಮೊಬೈಲ್ ಮಾಹಿತಿ ಇಟ್ಟುಕೊಂಡು ಅಂಗಡಿಗಳಿಗೆ ಜನ ಬರುವುದು ಎಷ್ಟು ಕಡಿಮೆಯಾಯಿತು ಅಂತ ನೋಡಿದರು. ಶೇಕಡಾ 60ರಷ್ಟು ಇಳಿದಿತ್ತು. ಆ 60ರಲ್ಲಿ ಸರ್ಕಾರದ ಆದೇಶದಿಂದ ಇಳಿದದ್ದು 7 ಮಾತ್ರ. ಉಳಿದದ್ದೆಲ್ಲ ಜನ ತಾವೇ ಹೆದರಿ ಬರದೆ ಇದ್ದದ್ದು. ಡೆನ್ಮಾರ್ಕ್ ಮುಚ್ಚಿತು, ಪಕ್ಕದ ಸ್ವೀಡನ್ ಬಹುಪಾಲು ತೆರೆದೇ ಇಟ್ಟಿತು. ಎರಡೂ ಕಡೆಯ ಬ್ಯಾಂಕ್ ಗ್ರಾಹಕರ ಖರ್ಚು ಹೋಲಿಸಿದಾಗ ಡೆನ್ಮಾರ್ಕಿನಲ್ಲಿ ಶೇಕಡಾ 29, ಸ್ವೀಡನ್ನಿನಲ್ಲಿ ಶೇಕಡಾ 25 ಇಳಿದಿತ್ತು. ವ್ಯತ್ಯಾಸ ಅಷ್ಟೇ.

ಬಾಗಿಲು_ತೆಗಿ

ಹಾಗಾದರೆ ಆದೇಶದಿಂದ ಉಪಯೋಗವೂ ಇಲ್ಲ ಅಂತಾಯಿತಲ್ಲ. ಜನರೇ ಹುಷಾರಾಗಿ ಇರುತ್ತಾರೆ.

ಎರಡು_ಕುರ್ಚಿ

ಜಮಾ ಖರ್ಚು ಸರ್ ಹೇಳಿದ್ದು ನಿಜ, ನನ್ನ ಅಂಗಡಿಯಲ್ಲೇ ನೋಡಿದೆ. ತೆಗೆಯಬಹುದು ಅಂತ ಹೇಳಿದ ದಿನ ಬೆಳಗ್ಗೆ ಆರಕ್ಕೇ ಹೋಗಿ ಕೂತೆ. ಸಂಜೆವರೆಗೆ ಮೂರು ಜನ. ಅದರಲ್ಲೊಬ್ಬರು ಕೇಳಿದ್ದು, "ಮನೆಗೆ ಬಂದು ಮಾಡ್ತೀರಾ?" ಹದಿನೈದು ದಿನ ಹೀಗೇ ಆಯಿತು. ಮುಚ್ಚಿದ್ದಾಗ ಕನಿಷ್ಠ ಮಾಲೀಕರು "ಪಾಪ, ಮುಚ್ಚಿದೆ" ಅಂತ ಸುಮ್ಮನಿದ್ದರು. ತೆಗೆದ ಮೂರನೇ ದಿನಕ್ಕೆ ಬಾಡಿಗೆ ಕೇಳಿದರು, ಹಳೆಯದನ್ನೂ ಸೇರಿಸಿ. ಅಂಗಡಿ ತೆರೆದಿದೆ, ಗಿರಾಕಿ ಇಲ್ಲ, ಅನ್ನುವ ಪರಿಸ್ಥಿತಿಗೆ ಯಾವ ಪರಿಹಾರವೂ ಇಲ್ಲ ಸ್ವಾಮಿ.

ಜಮಾ_ಖರ್ಚು

ಇದು ಮುಖ್ಯವಾದ ಮಾತು, ಯಾರೂ ಇದನ್ನು ಆಡುವುದಿಲ್ಲ. ಎಷ್ಟೋ ಸಲ "ತೆರೆಯಿರಿ" ಅನ್ನುವ ಆದೇಶದ ಅರ್ಥ "ಇನ್ನು ನಿಮ್ಮ ನಷ್ಟ ನಿಮ್ಮದು" ಅಂತ.

ರಾತ್ರಿಪಾಳಿ

ನಾನು ನರ್ಸ್. ಬಾಗಿಲು ತೆಗಿ ಅಣ್ಣನಿಗೆ ಮೊದಲು ಹೇಳುತ್ತೇನೆ. "ಹೆದರಿಕೆ ಇರುವವರು ಮನೆಯಲ್ಲಿರಲಿ" ಅನ್ನುತ್ತೀರಲ್ಲ, ಆ ಮನೆಗೆ ದುಡಿದು ಬರುವವರು ಯಾರು? ಕಾಯಿಲೆ ತರುವವರಿಗೆ ತಮಗೆ ಬಂದಿದೆ ಅಂತಲೇ ಗೊತ್ತಿರುವುದಿಲ್ಲ, ಜ್ವರ ಕಾಣುವ ಒಂದೆರಡು ದಿನ ಮೊದಲೇ ಹರಡಲು ಶುರುವಾಗುತ್ತದೆ. ಆಮ್ಲಜನಕ ಹಾಕಿಕೊಂಡು ಮಲಗಿದವರು "ನಾನು ಎಲ್ಲೂ ಹೋಗಿಲ್ಲ ಸಿಸ್ಟರ್" ಅಂತ ಸನ್ನೆಯಲ್ಲಿ ಹೇಳುತ್ತಿದ್ದರು. ನಿಜವೇ. ಮಗ ಹೋಗಿದ್ದ.

ಈಗ ಇನ್ನೊಂದು ಕಡೆಯದನ್ನು ಹೇಳುತ್ತೇನೆ. ನನಗೆ ಎರಡು ತಿಂಗಳು ಫೋನ್ ಕೆಲಸ ಬಿತ್ತು. ಪಾಸಿಟಿವ್ ಬಂದವರಿಗೆ ಫೋನ್ ಮಾಡಿ ಜ್ವರ ಯಾವತ್ತು ಬಂತು, ಯಾರ ಜೊತೆ ಇದ್ದಿರಿ ಅಂತ ಕೇಳಿ ಬರೆದುಕೊಳ್ಳುವುದು. ಒಬ್ಬಾಕೆ ನಾಲ್ಕು ಮನೆಯಲ್ಲಿ ಪಾತ್ರೆ, ಬಟ್ಟೆ ಕೆಲಸ ಮಾಡುವವರು. ಜ್ವರ ಗುರುವಾರ ಬಂತು ಅಂದರು. ನಾನು ಬರೆದುಕೊಂಡೆ. ಒಂದು ನಿಮಿಷ ಬಿಟ್ಟು, "ಮೇಡಂ, ಭಾನುವಾರ ಅಂತ ಬರ್ಕೊಳ್ತೀರಾ?" ಅಂದರು. ಮೊದಲು ಅರ್ಥವಾಗಲಿಲ್ಲ. ಗುರುವಾರ ಅಂತ ಬರೆದರೆ ಶುಕ್ರವಾರ, ಶನಿವಾರ ಜ್ವರ ಇಟ್ಟುಕೊಂಡೇ ಕೆಲಸಕ್ಕೆ ಹೋದದ್ದು ನಾಲ್ಕೂ ಮನೆಗೆ ಗೊತ್ತಾಗುತ್ತದೆ. ನಾಲ್ಕೂ ಕೆಲಸ ಹೋಗುತ್ತದೆ. ಭಾನುವಾರ ಅವರಿಗೆ ರಜೆ.

ನಾನು ಗುರುವಾರ ಅಂತಲೇ ಬರೆದೆ. ಅದು ನನ್ನ ಕೆಲಸ. ಆದರೆ ಅವತ್ತಿನಿಂದ ನನಗೆ ಒಂದು ಖಾತ್ರಿಯಾಯಿತು, ನನ್ನ ಪಟ್ಟಿಯಲ್ಲಿ ಇರುವ ಎಷ್ಟೋ ತಾರೀಕು ಭಾನುವಾರದವೇ.

ತಿಂಗಳ_ಸಂಬಳ

ಮೇಡಂ, ಇದನ್ನು ಓದಿ ಸ್ವಲ್ಪ ಸುಮ್ಮನಾದೆ.

ಹಳೇ_ಮೇಷ್ಟ್ರು

ಇದು ಹೊಸ ಕಥೆಯಲ್ಲ. ಮೇರಿ ಮ್ಯಾಲನ್ ಹೆಸರು ಕೇಳಿರಬಹುದು, ನ್ಯೂಯಾರ್ಕಿನಲ್ಲಿ ಅಡುಗೆ ಕೆಲಸದವಳು. ಟೈಫಾಯ್ಡ್ ಕ್ರಿಮಿ ಅವಳ ಮೈಯಲ್ಲಿತ್ತು, ಅವಳಿಗೆ ಮಾತ್ರ ಏನೂ ಆಗುತ್ತಿರಲಿಲ್ಲ. 1907ರಲ್ಲಿ ಹಿಡಿದು ಒಂದು ದ್ವೀಪದ ಆಸ್ಪತ್ರೆಯಲ್ಲಿ ಇಟ್ಟರು. 1910ರಲ್ಲಿ ಇನ್ನು ಅಡುಗೆ ಮಾಡುವುದಿಲ್ಲ ಅಂತ ಮಾತು ತೆಗೆದುಕೊಂಡು ಬಿಟ್ಟರು. ಬಟ್ಟೆ ಒಗೆಯುವ ಕೆಲಸ ಸಿಕ್ಕಿತು, ಅದಕ್ಕೆ ಅಡುಗೆಗಿಂತ ಸಂಬಳ ಕಡಿಮೆ. ಕೊನೆಗೆ ಹೆಸರು ಬದಲಿಸಿಕೊಂಡು ಮತ್ತೆ ಅಡುಗೆಮನೆಗೇ ಹೋದಳು. 1915ರಲ್ಲಿ ಒಂದು ಹೆರಿಗೆ ಆಸ್ಪತ್ರೆಯಲ್ಲಿ 25 ಜನರಿಗೆ ಟೈಫಾಯ್ಡ್ ಬಂತು, ಇಬ್ಬರು ಸತ್ತರು. ಹುಡುಕಿದರೆ ಅಡುಗೆಯವಳು ಇವಳೇ. ಮತ್ತೆ ಅದೇ ದ್ವೀಪ, 1938ರಲ್ಲಿ ಸಾಯುವವರೆಗೆ.

ಅವಳನ್ನು ಬೈಯುವುದು ಸುಲಭ, ನೂರು ವರ್ಷದಿಂದ ಬೈಯುತ್ತಲೇ ಇದ್ದಾರೆ. ನಾನು ಮೂವತ್ತು ವರ್ಷ ಪಾಠ ಮಾಡಿದವನು, ಮಕ್ಕಳಿಗೆ ನಾನೂ ಅವಳನ್ನು ಕೆಟ್ಟವಳಾಗಿಯೇ ತೋರಿಸಿದ್ದೆ. ಈಗ ಕೇಳಿಕೊಳ್ಳುವ ಪ್ರಶ್ನೆ ಬೇರೆ. ಆ ಸಂಬಳದ ವ್ಯತ್ಯಾಸವನ್ನು ನಗರದವರೇ ಪ್ರತಿ ತಿಂಗಳು ಕೊಟ್ಟಿದ್ದರೆ ಎಷ್ಟಾಗುತ್ತಿತ್ತು? ಅಷ್ಟು ವರ್ಷ ದ್ವೀಪದಲ್ಲಿ ಇಟ್ಟು ಸಾಕಿದ ಖರ್ಚಿಗಿಂತ ಜಾಸ್ತಿ ಆಗುತ್ತಿತ್ತಾ?

ರಾತ್ರಿಪಾಳಿ

ಮೇಷ್ಟ್ರೇ, ಇದನ್ನು ಒಪ್ಪುವುದು ನನಗೆ ಕಷ್ಟ. ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಆಸ್ಪತ್ರೆಯ ಅಡುಗೆಮನೆಗೆ ಹೋದಳು, ಅದೂ ಬಾಣಂತಿಯರಿರುವ ಕಡೆ.

ಹಳೇ_ಮೇಷ್ಟ್ರು

ತಾಯಿ, ನಂಬಲು ಅವಳು ತಯಾರಿರಲಿಲ್ಲ. ನನಗೆ ಒಂದು ದಿನವೂ ಜ್ವರ ಬಂದಿಲ್ಲ, ನನ್ನಿಂದ ಹೇಗೆ ಬರುತ್ತದೆ ಅನ್ನುತ್ತಿದ್ದಳು. ಆದರೂ ನಿಮ್ಮ ಮಾತು ತಳ್ಳಿಹಾಕುವುದಿಲ್ಲ. ಅವಳಂತೆಯೇ ಕ್ರಿಮಿ ಹೊತ್ತ ನೂರಾರು ಜನ ಆಮೇಲೆ ಅದೇ ನಗರದಲ್ಲಿ ಪತ್ತೆಯಾದರು, ಅವರನ್ನು ಹೀಗೆ ವರ್ಷಗಟ್ಟಲೆ ದ್ವೀಪದಲ್ಲಿ ಇಡಲಿಲ್ಲ ಅನ್ನುವುದನ್ನು ಮಾತ್ರ ಸೇರಿಸುತ್ತೇನೆ.

ಇನ್ನೊಂದು ಉದಾಹರಣೆ, ಇದಕ್ಕೆ ತದ್ವಿರುದ್ಧ. ಇಂಗ್ಲೆಂಡಿನ ಈಮ್ ಅನ್ನುವ ಹಳ್ಳಿ. 1665ರಲ್ಲಿ ಲಂಡನ್ನಿನಿಂದ ದರ್ಜಿಗೆ ಬಂದ ಬಟ್ಟೆಯ ಜೊತೆ ಪ್ಲೇಗ್ ಬಂತು ಅಂತ ಹೇಳುತ್ತಾರೆ. ಮರುವರ್ಷ ಊರಿನವರು ಪಾದ್ರಿಯ ಮಾತಿಗೆ ಒಪ್ಪಿ ಗಡಿ ದಾಟುವುದಿಲ್ಲ ಅಂತ ತಾವೇ ತೀರ್ಮಾನಿಸಿದರು. ಎಲ್ಲರೂ ಅವರ ತ್ಯಾಗವನ್ನು ಹೊಗಳುತ್ತಾರೆ. ಗಡಿಯಲ್ಲಿದ್ದ ಕಲ್ಲನ್ನು ಮರೆಯುತ್ತಾರೆ. ಆ ಕಲ್ಲಿನಲ್ಲಿ ಗುಳಿ ತೋಡಿ, ವಿನೆಗರ್ ತುಂಬಿ, ಅದರೊಳಗೆ ನಾಣ್ಯ ಹಾಕಿಡುತ್ತಿದ್ದರು. ಹೊರಗಿನವರು ಸಾಮಾನು ಇಟ್ಟು ನಾಣ್ಯ ತೆಗೆದುಕೊಂಡು ಹೋಗುತ್ತಿದ್ದರು. ಅಲ್ಲಿನ ದೊಡ್ಡ ಜಮೀನ್ದಾರ, ಡೆವನ್‌ಶೈರಿನ ಅರ್ಲ್, ತನ್ನ ಖರ್ಚಿನಲ್ಲಿ ಆಹಾರ ಕಳಿಸಿದ. ಹೊರಗಿನಿಂದ ಬರುತ್ತದೆ ಅಂತ ಗೊತ್ತಿದ್ದಕ್ಕೆ ಒಳಗಿದ್ದವರು ನಿಂತರು.

ಜಮಾ_ಖರ್ಚು

ಅದಿಲ್ಲದೆ ಗಡಿ ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೆ ಲೈಬೀರಿಯಾ ಇದೆ. ಎಬೋಲಾ ಸಮಯ, 2014ರ ಆಗಸ್ಟ್. ರಾಜಧಾನಿ ಮನ್ರೋವಿಯಾದ ವೆಸ್ಟ್ ಪಾಯಿಂಟ್ ಅನ್ನುವ ಕೊಳೆಗೇರಿಯನ್ನು ಬೆಳಗಾಗುವಷ್ಟರಲ್ಲಿ ತಂತಿ ಹಾಕಿ, ಸೈನಿಕರನ್ನು ನಿಲ್ಲಿಸಿ ಮುಚ್ಚಿದರು. ಹತ್ತಾರು ಸಾವಿರ ಜನ ಒಳಗೆ. ದಿನಗೂಲಿಯವರು, ಮೀನುಗಾರರು, ತಲೆ ಮೇಲೆ ಹೊತ್ತು ಮಾರುವವರು. ಒಳಗೆ ಸಾಮಾನಿನ ಬೆಲೆ ಏರಿತು, ಗಲಾಟೆಯಾಯಿತು, ಗುಂಡು ಹಾರಿತು, ಒಬ್ಬ ಹುಡುಗ ಸತ್ತ. 10 ದಿನಕ್ಕೆ ಆದೇಶ ವಾಪಸ್.

ಕೋಳಿ_ಫಾರಂ

ನಾನು ಮನುಷ್ಯರ ಡಾಕ್ಟರೂ ಅಲ್ಲ, ಅರ್ಥಶಾಸ್ತ್ರವೂ ಗೊತ್ತಿಲ್ಲ. ಆದರೆ ನೀವು ಮಾತಾಡುತ್ತಿರುವುದನ್ನು ನಾವು ಕೋಳಿ ಸಾಕುವವರು ಹಕ್ಕಿಜ್ವರದಲ್ಲಿ ಕಂಡಿದ್ದೇವೆ.

ಬೆಳಗ್ಗೆ ಶೆಡ್ಡಿಗೆ ಹೋದಾಗ ಮೊದಲು ಗೊತ್ತಾಗುವುದು ಸದ್ದಿನಿಂದ. ಸಾವಿರಾರು ಕೋಳಿ ಇರುವ ಶೆಡ್ಡಿನಲ್ಲಿ ಯಾವಾಗಲೂ ಗುಯ್ ಅಂತ ಸದ್ದು ಇರುತ್ತದೆ, ಅದು ತಗ್ಗಿರುತ್ತದೆ. ಜುಟ್ಟು ನೀಲಿ ತಿರುಗಿರುತ್ತದೆ. ಮೊದಲ ದಿನ ಹತ್ತು ಸತ್ತಿವೆ, ಮರುದಿನ ನೂರು ಸಾಯುತ್ತವೆ. ಆ ಬೆಳಗ್ಗೆ ನಿಮ್ಮ ಕೈಯಲ್ಲಿ ಫೋನಿದೆ. ಯಾರಿಗೆ ಮಾಡುತ್ತೀರಿ? ಪಶುವೈದ್ಯರಿಗೆ ಮಾಡಿದರೆ ಇಡೀ ಶೆಡ್ ಕೊಂದು ಹೂಳುತ್ತಾರೆ. ವ್ಯಾಪಾರಿಗೆ ಮಾಡಿದರೆ ರಾತ್ರಿಯೊಳಗೆ ಲೋಡ್ ಆಗುತ್ತದೆ, ಆಮೇಲೆ ಅದು ಎಲ್ಲಿಗೆ ಹೋಗುತ್ತದೋ ನಿಮಗೆ ಗೊತ್ತಿಲ್ಲ.

ಅದಕ್ಕೇ ಪರಿಹಾರ ಇಟ್ಟಿದ್ದಾರೆ. ಅದು ದಾನವಲ್ಲ, ರೈತ ಫೋನ್ ಮಾಡಲಿ ಅಂತ ಕೊಡುವ ದುಡ್ಡು. ಕೊಲ್ಲುವ ಹೊತ್ತಿಗೆ ಬದುಕಿರುವ ಕೋಳಿಗೆ ಮಾತ್ರ ಲೆಕ್ಕ, ಕಾಯಿಲೆಯಿಂದ ಸತ್ತದ್ದಕ್ಕಿಲ್ಲ. ಹಾಗಾಗಿ ಬೇಗ ಹೇಳಿದವನಿಗೆ ಜಾಸ್ತಿ. ಬೆಲೆಗಿಂತ ಹೆಚ್ಚು ಕೊಟ್ಟರೂ ಅಪಾಯವೇ, ಕಾಯಿಲೆ ಕೋಳಿ ತಂದು ಬಿಡುವವರು ಹುಟ್ಟಿಕೊಳ್ಳುತ್ತಾರೆ. ತೀರಾ ಕಡಿಮೆ ಇದ್ದರೆ, ಅಥವಾ ದುಡ್ಡು ಬರುವುದು ವರ್ಷ ಆಗುತ್ತದೆ ಅಂತ ಹಿಂದಿನ ಸಲದ ಅನುಭವ ಇದ್ದರೆ, ವ್ಯಾಪಾರಿಗೇ ಫೋನ್. ನನ್ನ ಪಕ್ಕದ ಫಾರಂನವರು ಒಂದು ಸಲ ಹಾಗೇ ಮಾಡಿದರು. ನಾಲ್ಕು ದಿನಕ್ಕೆ ನನ್ನ ಶೆಡ್ಡಿಗೂ ಬಂತು.

ಕೋಳಿಗೆ ಗೊತ್ತಿರುವ ನ್ಯಾಯ ಮನುಷ್ಯನಿಗೆ ಯಾಕಿಲ್ಲ ಅನ್ನುವುದು ನನ್ನ ಪ್ರಶ್ನೆ.

ಎರಡು_ಕುರ್ಚಿ

ಅಣ್ಣಾ, ನಾನು ಕೇಳಬೇಕೆಂದಿದ್ದು ಇದನ್ನೇ, ಹೇಳಲು ಬಂದಿರಲಿಲ್ಲ.

ತಿಂಗಳ_ಸಂಬಳ

ಸರಿ, ಒಪ್ಪಿದೆ ಅಂದುಕೊಳ್ಳಿ. ದುಡ್ಡು ಎಲ್ಲಿಂದ? ನನ್ನ ತೆರಿಗೆಯಿಂದ. ಎಷ್ಟು ತಿಂಗಳು? ಮತ್ತೆ ಯಾರಿಗೆ ಅಂತ ಹೇಗೆ ಗೊತ್ತಾಗುತ್ತದೆ? ಬೀದಿಯಲ್ಲಿ ಮಾರುವವರದು, ಮನೆಗೆಲಸದವರದು ಯಾವ ರಿಜಿಸ್ಟರಿನಲ್ಲಿದೆ? ನಾಳೆ ಎಲ್ಲರೂ ಕ್ಷೌರಿಕರೇ ಆಗುತ್ತಾರೆ.

ಜಮಾ_ಖರ್ಚು

ಮೂರೂ ನ್ಯಾಯವಾದ ಪ್ರಶ್ನೆ. ಪಟ್ಟಿಯೇ ದೊಡ್ಡ ತಲೆನೋವು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಲೆಕ್ಕದಲ್ಲಿ ಪ್ರಪಂಚದಲ್ಲಿ ಸುಮಾರು 200 ಕೋಟಿ ಜನ ಅಸಂಘಟಿತ ಕೆಲಸದಲ್ಲಿದ್ದಾರೆ, ದುಡಿಯುವವರಲ್ಲಿ ನೂರಕ್ಕೆ 60 ಜನ. ಇವರ ಸಂಬಳದ ಚೀಟಿ ಎಲ್ಲೂ ಇಲ್ಲ.

ಆದರೂ ಮಾಡಿದವರಿದ್ದಾರೆ. ಪಶ್ಚಿಮ ಆಫ್ರಿಕಾದ ಟೋಗೋ, ಬಡ ದೇಶ. 2020ರ ಏಪ್ರಿಲ್‌ನಲ್ಲಿ ನೋವಿಸಿ ಅಂತ ಒಂದು ಯೋಜನೆ ಮಾಡಿತು. ಪಟ್ಟಿ ಇರಲಿಲ್ಲ, ಆದರೆ ಮತದಾರರ ಪಟ್ಟಿ ಇತ್ತು, ಅದರಲ್ಲಿ ಕಸುಬು ಬರೆದಿತ್ತು. ಸಾದಾ ಮೊಬೈಲಿನಿಂದ ಒಂದು ನಂಬರ್ ಒತ್ತಿ ಮತದಾರರ ಚೀಟಿಯ ಸಂಖ್ಯೆ ಕೊಟ್ಟರೆ, ಅರ್ಹರಾದರೆ ದುಡ್ಡು ಮೊಬೈಲಿಗೇ. ತಿಂಗಳಿಗೆ ಹೆಂಗಸರಿಗೆ 12,250 ಫ್ರಾಂಕ್, ಗಂಡಸರಿಗೆ 10,500, ಎರಡು ಕಂತಿನಲ್ಲಿ. ಹೆಂಗಸರಿಗೆ ಜಾಸ್ತಿ ಇಟ್ಟದ್ದು ಬೇಕೆಂದೇ. ತಪ್ಪು ಆಗಿರಲಿಲ್ಲವಾ, ಆಗಿರುತ್ತದೆ. ಆದರೆ ಬೇಗ ಕೊಟ್ಟರು.

ಬ್ರಿಟನ್ ನೋಡಿ, ಶ್ರೀಮಂತ ದೇಶ. 2020ರಲ್ಲಿ ಅಲ್ಲಿ ಕಾನೂನಿನ ಪ್ರಕಾರ ಕಾಯಿಲೆ ರಜೆಗೆ ವಾರಕ್ಕೆ 95.85 ಪೌಂಡ್. ವಾರಕ್ಕೆ 120 ಪೌಂಡಿಗಿಂತ ಕಡಿಮೆ ದುಡಿಯುವವರಿಗೆ ಆಗ ಅದೂ ಇರಲಿಲ್ಲ, ಅಂದರೆ ಯಾರಿಗೆ ಬಹಳ ಬೇಕೋ ಅವರಿಗೇ ಇರಲಿಲ್ಲ. ಮನೆಯಲ್ಲಿ ಪ್ರತ್ಯೇಕ ಇರಬೇಕಾದ ಬಡವರಿಗೆ 500 ಪೌಂಡ್ ಕೊಡುವ ಯೋಜನೆ ಇಂಗ್ಲೆಂಡಿನಲ್ಲಿ ಬಂದದ್ದು ಸೆಪ್ಟೆಂಬರ್ 28ಕ್ಕೆ, ಮೊದಲ ಅಲೆ ಇಳಿದ ಎಷ್ಟೋ ತಿಂಗಳ ಮೇಲೆ. ಜರ್ಮನಿಯಲ್ಲಿ ಸೋಂಕು ತಡೆ ಕಾಯ್ದೆಯಲ್ಲೇ ಇದೆ, ಅಧಿಕಾರಿಗಳು ಕ್ವಾರಂಟೈನ್‌ನಲ್ಲಿ ಇಟ್ಟರೆ ಹೋದ ಸಂಪಾದನೆ ಕೊಡಬೇಕು, ಮೊದಲ 6 ವಾರ ಪೂರ್ತಿ. ಕಾಯಿಲೆ ಬಂದ ಮೇಲೆ ಕೂತು ಚರ್ಚೆ ಮಾಡಬೇಕಾಗಿಲ್ಲ. ಮೊದಲೇ ಬರೆದಿಟ್ಟಿದ್ದಾರೆ.

ನನಗೆ ಇಷ್ಟವಾಗುವುದು ಆ ಕೊನೆಯದು. ನಿಮ್ಮ ತೆರಿಗೆ ವಿಷಯಕ್ಕೆ ಬಂದರೆ, ಸೋಂಕು ಬಂದ ಹತ್ತು ಜನರಿಗೆ ಹತ್ತು ದಿನದ ದುಡಿಮೆ ಕೊಟ್ಟು ಕೂರಿಸುವುದು ಒಂದು ಲೆಕ್ಕ. ಅವರು ಕೂರದೆ ಹರಡಿ, ಇಡೀ ಮಾರುಕಟ್ಟೆಯನ್ನು ತಿಂಗಳು ಮುಚ್ಚುವುದು ಇನ್ನೊಂದು ಲೆಕ್ಕ. ಎರಡರಲ್ಲೂ ನಿಮ್ಮ ತೆರಿಗೆ ಹೋಗುತ್ತದೆ.

ಬಾಗಿಲು_ತೆಗಿ

ಎಲ್ಲ ಸರಿ, ಆದರೆ ದಿನಕ್ಕೆ ಮೂರೇ ಗಂಟೆ ಅಂಗಡಿ ತೆಗಿ ಅಂತ ಹೇಳಿದ ಬುದ್ಧಿವಂತರು ಯಾರು ಅಂತ ಯಾರಾದರೂ ಹೇಳಿ. ದಿನವಿಡೀ ಬರುತ್ತಿದ್ದ ಜನ ಮೂರು ಗಂಟೆಯಲ್ಲಿ ಬಂದು ಒಬ್ಬರ ಮೇಲೊಬ್ಬರು ಬಿದ್ದರು. ಇದಕ್ಕೂ ಆರೋಗ್ಯ ಅಂತ ಹೆಸರು.

ರಾತ್ರಿಪಾಳಿ

ಇದರಲ್ಲಿ ಮಾತ್ರ ನಿಮ್ಮ ಜೊತೆ ಪೂರ್ತಿ ಇದ್ದೇನೆ ಅಣ್ಣ. ಹೊತ್ತು ಜಾಸ್ತಿ ಕೊಟ್ಟು ಒಳಗೆ ಇರುವವರ ಸಂಖ್ಯೆ ಕಡಿಮೆ ಮಾಡಬೇಕಿತ್ತು.

ಎರಡು ಕುರ್ಚಿ ಅಣ್ಣನಿಗೆ ಒಂದು ವಿಷಯ, ನಿಮ್ಮ ಕಸುಬಿನದೇ. ಅಮೆರಿಕದ ಮಿಸ್ಸೌರಿ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ 2020ರ ಮೇ ತಿಂಗಳಲ್ಲಿ ಒಂದು ಸಲೂನಿನ ಇಬ್ಬರು ಕೆಲಸಗಾರರಿಗೆ ಕೊರೊನಾ ಇತ್ತು. ಗೊತ್ತಾಗುವಷ್ಟರಲ್ಲಿ 139 ಗಿರಾಕಿಗಳಿಗೆ ಕೂದಲು ಕತ್ತರಿಸಿದ್ದರು. ಮಾಸ್ಕ್ ಕಡ್ಡಾಯ ಇತ್ತು, ಇವರೂ ಹಾಕಿದ್ದರು, ಗಿರಾಕಿಗಳೂ ಹಾಕಿದ್ದರು. 67 ಜನ ಪರೀಕ್ಷೆಗೆ ಒಪ್ಪಿದರು, ಒಬ್ಬರಿಗೂ ಇರಲಿಲ್ಲ. ಉಳಿದವರಲ್ಲೂ ಯಾರಿಗೂ ಲಕ್ಷಣ ಕಾಣಲಿಲ್ಲ. ಗಡ್ಡ ನಿಲ್ಲಿಸಿ, ಬರೀ ಕಟಿಂಗ್, ಇಬ್ಬರಿಗೂ ಮಾಸ್ಕ್, ಕಿಟಕಿ ತೆಗೆದು, ಹೊರಗೆ ಕಾಯಿಸದೆ ಹೊತ್ತು ಹೇಳಿ ಕರೆಸುವುದು. ಇಷ್ಟಕ್ಕೆ ಬಿಟ್ಟಿದ್ದರೆ ನಿಮ್ಮ ಅಂಗಡಿ ಎಷ್ಟೋ ವಾರ ಮೊದಲೇ ತೆಗೆಯಬಹುದಿತ್ತು. ಕೆಲವು ಕಡೆ ಮಾಡಿದ್ದಾರೆ.

ತಿಂಗಳ_ಸಂಬಳ

ಒಂದು ಡೌಟು. ಲಕ್ಷಣ ಇದ್ದೂ ಆ ಕೆಲಸಗಾರರು ಕೆಲಸಕ್ಕೆ ಹೋದರಾ?

ರಾತ್ರಿಪಾಳಿ

ಹೌದು, ಇಬ್ಬರೂ. ಒಬ್ಬರು ಎಂಟು ದಿನ, ಪರೀಕ್ಷೆಯ ಫಲಿತಾಂಶ ಬರುವವರೆಗೆ. ಇನ್ನೊಬ್ಬರೂ ಕೆಲವು ದಿನ.

ಎರಡು_ಕುರ್ಚಿ

ಅವರ ಕಾರಣ ಏನೋ. ನಾನು ಮಾತ್ರ ಮೈ ಬಿಸಿ ಇಟ್ಟುಕೊಂಡು ಎಷ್ಟೋ ಸಲ ಕೆಲಸ ಮಾಡಿದ್ದೇನೆ, ಕೊರೊನಾಕ್ಕೆ ಮುಂಚೆ. ಹಬ್ಬದ ಹಿಂದಿನ ದಿನ ಜ್ವರ ಬಂದರೆ ಯಾರು ಅಂಗಡಿ ಮುಚ್ಚುತ್ತಾರೆ ಹೇಳಿ. ಇದನ್ನು ಇಲ್ಲಿ ಬರೆಯಲು ನಾಚಿಕೆ ಆಗುತ್ತಿದೆ.

ಕೋಳಿ_ಫಾರಂ

ನಾಚಿಕೆ ಯಾಕೆ. ನಾನು ಎರಡು ದಿನ ತಡವಾಗಿ ಫೋನ್ ಮಾಡಿದ್ದೆ.

ತಿಂಗಳ_ಸಂಬಳ

ಎರಡು ಕುರ್ಚಿಯವರೇ, ನಾಳೆ ಇನ್ನೊಂದು ಕಾಯಿಲೆ ಬಂದು ಮುಚ್ಚಿ ಅಂದರೆ ಏನು ಮಾಡುತ್ತೀರಿ? ಟೀಕೆಗಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಎರಡು_ಕುರ್ಚಿ

ಗೊತ್ತಿಲ್ಲ ಸರ್. ದುಡ್ಡು ಯಾವತ್ತು ಬರುತ್ತದೆ ಅಂತ ಮೊದಲು ಕೇಳುತ್ತೇನೆ.

ನಾವು ಹದಿನಾಲ್ಕು ಜನ ಇದೇ ಕಸುಬಿನವರು ಸೇರಿ ಒಂದು ಡಬ್ಬಿ ಮಾಡಿದ್ದೇವೆ. ತಿಂಗಳಿಗೆ ಒಂದು ದಿನದ ದುಡಿಮೆ ಹಾಕಬೇಕು. ಜ್ವರ, ಕೆಮ್ಮು ಅಂತ ಯಾರಾದರೂ ಅಂಗಡಿ ಮುಚ್ಚಿ ಮನೆಯಲ್ಲಿ ಕೂತರೆ ಐದು ದಿನದವರೆಗೆ ಅರ್ಧ ದುಡಿಮೆ ಅದರಿಂದ ಕೊಡುತ್ತೇವೆ. ದೊಡ್ಡ ಕಾಯಿಲೆ ಬಂದು ಹದಿನಾಲ್ಕೂ ಅಂಗಡಿ ಮುಚ್ಚಿದರೆ ಒಂದೇ ವಾರಕ್ಕೆ ಖಾಲಿ, ಅದು ಗೊತ್ತು. ಡಾಕ್ಟರ ಚೀಟಿ ತರಬೇಕು ಅಂತ ಮೊದಲು ನಿಯಮ ಮಾಡಿದ್ದೆವು, ಚೀಟಿಗೆ ಕೊಡುವ ಫೀಸೇ ಜಾಸ್ತಿ ಆಗುತ್ತದೆ ಅಂತ ಬಿಟ್ಟೆವು.

ಮನೆ ಮನೆಗೆ ಹೋಗುತ್ತಿದ್ದ ನನ್ನ ಹುಡುಗನೂ ಅದರಲ್ಲಿದ್ದಾನೆ. ಅವನು ವಾಪಸ್ ಬರಲಿಲ್ಲ, ಎರಡನೇ ಕುರ್ಚಿ ಈಗಲೂ ಖಾಲಿ. ಕಳೆದ ತಿಂಗಳು ಇಬ್ಬರು ದುಡ್ಡು ತೆಗೆದುಕೊಂಡರು. ಒಬ್ಬರಿಗೆ ನಿಜವಾಗಿ ಜ್ವರ, ನಾನೇ ಹೋಗಿ ನೋಡಿ ಬಂದೆ. ಇನ್ನೊಬ್ಬರದು ನನಗೆ ಸ್ವಲ್ಪ ಡೌಟೇ. ಆದರೂ ಕೊಟ್ಟೆವು.